ಭಾನುವಾರದ ನೀರು

ಜೂನ್ 9, ಭಾನುವಾರ

…ಭಾನುವಾರ ಅಂದಿದ್ದಳು, ಅದಂತೂ ಖಂಡಿತ. ಭಾನುವಾರ ಮರೀಬೇಡ ಅಂದಳು, ಅದರ ಹಿಂದೆಯೇ ಇನ್ನೇನೋ ಹೇಳಿದಳು. ಅಷ್ಟು ಹೊತ್ತಿಗೆ ನಾನು ಅಡುಗೆಮನೆಯ ನಲ್ಲಿ ಜೋರಾಗಿ ತಿರುಗಿಸಿದ್ದೆ. ತೊಳೆಯುವ ಪಾತ್ರೆ ಹೆಚ್ಚೇನೂ ಇರಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಹಾಲ್‌ನಲ್ಲಿ ನಿಂತಿದ್ದಳು. ಆಮೇಲೆ ಮೆಟ್ಟಿಲಿಳಿದಳು. ಕೆಳಗೆ ಮರಿಸಿದ್ದಯ್ಯ ಲಗೇಜು ಆಟೋಗೆ ಅವಳ ಬೀರು ಕಟ್ಟಿಸುತ್ತಿದ್ದ. 'ಅಗ್ಗ ಸಾಲ್ದು, ಇನ್ನೊಂದ್ ಸುತ್ತು ಆಕ್ಲಾ' ಎಂದು ಯಾರಿಗೋ ಹೇಳುವುದು ಮೇಲಕ್ಕೆ ಕೇಳುತ್ತಿತ್ತು.

ಮರದ ವಿಷಯ ಎಂಬುದು ಗೊತ್ತು, ಏಕೆಂದರೆ ಹೇಳುವಾಗ ಅವಳ ಕೈ ಮರದ ಮೇಲಿತ್ತು.

ಮರ ಎನ್ನುವುದು ಮಾತಿಗೆ. ಕುಂಡದಲ್ಲಿರುವುದು, ನನ್ನ ಭುಜದವರೆಗೆ ಬರುತ್ತದೆ. ಯಾವುದೋ ವರ್ಷ ಅಕ್ಕ ಮೈಸೂರಿನ ಫಲಪುಷ್ಪ ಪ್ರದರ್ಶನದಿಂದ ಗೇಣುದ್ದದ ಸಸಿಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಡ್ಯಕ್ಕೆ ತಂದಳು. ಮಾರಿದವನು ಕ್ರಿಸ್‌ಮಸ್ ಟ್ರೀ ಅಂದನಂತೆ. ಅಕ್ಕ ಪೈನ್ ಅನ್ನುತ್ತಾಳೆ. ಅದು ನಿಜವಾದ ಪೈನ್ ಅಲ್ಲ ಎಂದು ನಮ್ಮ ಆಫೀಸಿನಲ್ಲಿ ಒಬ್ಬರು ಹೇಳಿದರು. ನಡುವೆ ಒಂದು ನೆಟ್ಟನೆಯ ಕಾಂಡ, ಅದರಿಂದ ಸುತ್ತು ಸುತ್ತಾಗಿ ಹೊರಟ ಕೊಂಬೆಗಳು, ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ. ಪ್ಲಾಸ್ಟಿಕ್ ಕುಂಡವನ್ನು ನೀಲಿ ಪಿಂಗಾಣಿ ಜಾಡಿಯೊಂದರೊಳಗೆ ಇಳಿಬಿಟ್ಟಿದ್ದಾಳೆ. ನೆಲ ಒದ್ದೆಯಾಗದಿರಲಿ ಎಂದು ತೂತಿಲ್ಲದ ಜಾಡಿಯನ್ನೇ ಹುಡುಕಿ ತಂದದ್ದು. ಹಾಲ್‌ನ ಪೂರ್ವದ ಕಿಟಕಿಯ ಪಕ್ಕ ಇದೆ.

ಮಳವಳ್ಳಿಯಲ್ಲಿ ಮರಿಸಿದ್ದಯ್ಯನ ಮನೆಗೆ ಮಹಡಿ ರೂಮು ಕಟ್ಟುತ್ತಿದ್ದಾರಂತೆ. ಅದು ಮುಗಿದ ಮೇಲೆ, ದೀಪಾವಳಿಯ ಹೊತ್ತಿಗೆ, ಬಂದು ತೆಗೆದುಕೊಂಡು ಹೋಗುತ್ತಾಳಂತೆ. ಅಲ್ಲಿಯವರೆಗೆ ಹೇಗಿತ್ತೋ ಹಾಗೆ ಇರಬೇಕು. ಹಾಗೆಯೇ ಒಪ್ಪಿಸಿದರೆ ಆಯಿತು. ಆಮೇಲೆ ಒಬ್ಬರಿಗೊಬ್ಬರು ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ.

ಭಾನುವಾರ ಎಂದರೆ ನೀರೇ ಇರಬೇಕು. ಮರಕ್ಕೆ ಇನ್ನೇನಿರುತ್ತದೆ. ಅರ್ಧ ಬಕೆಟ್ ಹಾಕಿದೆ.

ಜೂನ್ 16, ಭಾನುವಾರ

ನೀರು ಹಾಕಿದೆ.

ವಾರವೆಲ್ಲ ಆಫೀಸಿನಲ್ಲಿ ಅದೇ ಮಾತು. ಶಿವರಾಮು ಟೇಬಲ್ಲಿನ ಹತ್ತಿರ ಬಂದು, 'ಅಕ್ಕಾವ್ರು ಮದ್ವೆ ಆದ್ರಂತೆ ಮೇಡಂ, ನಮ್ಗೆಲ್ಲ ಊಟ ಇಲ್ವಾ?' ಎಂದರು. ಊಟ ನಾನೂ ಮಾಡಲಿಲ್ಲ ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಬುದ್ಧ ಪೂರ್ಣಿಮೆಯ ದಿನ, ಮಳವಳ್ಳಿಯ ವಿಹಾರದ ಹಾಲ್‌ನಲ್ಲಿ, ನಲವತ್ತೈವತ್ತು ಜನ. ಐವತ್ತಮೂರು ವರ್ಷದ ಹೈಸ್ಕೂಲ್ ಮೇಡಂ, ಬಸ್ ಡ್ರೈವರಾಗಿ ರಿಟೈರಾದ ಒಬ್ಬ ವಿಧುರ, ಮರಿಸಿದ್ದಯ್ಯ. ಪಂಚಶೀಲ ಹೇಳಿ ಹಾರ ಹಾಕಿಕೊಂಡರು. ಅಕ್ಕನ ಮುಖ ನೋಡಿದೆ. ಪರೀಕ್ಷೆ ಬರೆದು ಹೊರಬಂದ ಹುಡುಗಿಯ ಮುಖದ ಹಾಗಿತ್ತು. ಆಮೇಲೆ ಎಲೆ ಹಾಕಿದರು. ಎಲೆಗೆ ನೀರು ಚಿಮುಕಿಸುವಾಗ ನಾನು ಎದ್ದೆ. ನಮ್ಮ ಕಡೆ ಎಲೆಯ ಮುಂದಿನಿಂದ ಎದ್ದು ಹೋದರೆ ಏನರ್ಥವೆಂದು ಮಕ್ಕಳಿಗೂ ಗೊತ್ತು. ಬಸ್ಸಿಗೆ ಹೊತ್ತಾಯಿತು ಎಂದೆ. ಮದ್ದೂರಿಗೆ ಅಲ್ಲಿಂದ ಒಂದರ ಹಿಂದೆ ಒಂದು ಬಸ್ಸಿದೆ.

ಜೂನ್ 21, ಶುಕ್ರವಾರ

ಓನರ್ ಅಂಕಮ್ಮ ಬಂದಿದ್ದರು. ಟ್ಯಾಂಕಿನ ವಾಲ್ವ್ ನಮ್ಮ ಬಾಲ್ಕನಿಯಲ್ಲಿದೆ. ಅದಕ್ಕೇ ನಮ್ಮ ಮನೆಯ ಒಂದು ಬೀಗದ ಕೈ ಅವರ ಸೊಂಟದಲ್ಲಿ ಯಾವಾಗಲೂ ಇರುತ್ತದೆ. ಮರದ ಮುಂದೆ ನಿಂತು ಬಹಳ ಹೊತ್ತು ನೋಡಿದರು.

'ಈ ಸರ್ವೆ ಗಿಡನ ಬುಟ್ಟೋಗವ್ರಾ ನಿಮ್ಮಕ್ಕ?'

ಸರ್ವೆ ಅಲ್ಲ ಎಂದೆ.

'ಏನೋ ಒಂದು. ಊವ ಬುಡಾಕಿಲ್ಲ, ಕಾಯಿ ಬುಡಾಕಿಲ್ಲ, ನೆಳ್ಳೂ ಇಲ್ಲ. ಮನೆ ಒಳಿಕ್ ತಂದು ಮಡೀಕಂಡು ಮಗಿನಂಗೆ ಸಾಕ್ತಿದ್ರಲ್ಲ. ಒಬ್ಬೊಬ್ರಿಗೆ ಒಂದೊಂದು ಆಸೆ ಕಣವ್ವ.'

ಕಾಫಿ ಕೊಡಲಾ ಎಂದೆ. 'ಈಗಷ್ಟೇ ಕುಡ್ದೆ ಕಣವ್ವ' ಎಂದರು. ಅವರು ಯಾವಾಗಲೂ ಈಗಷ್ಟೇ ಕುಡಿದಿರುತ್ತಾರೆ. ನಾವು ಈ ಮನೆಗೆ ಬಂದಾಗಿನಿಂದ. ಈ ಬೀದಿಯಲ್ಲಿ ನಮ್ಮ ಹೆಸರು, ಊರು, ಕೇರಿ ಎಲ್ಲ ಕೇಳಿಕೊಂಡ ಮೇಲೂ ಮನೆ ಕೊಟ್ಟವರು ಅವರೊಬ್ಬರೇ, ಅದೂ ನಿಜ.

ಜುಲೈ 18, ಗುರುವಾರ

ನಾಲೆಗೆ ನೀರು ಬಿಟ್ಟರು. ಬೆಳಗಿನಿಂದ ಫೋನು. ನನ್ನ ಕೆಲಸ ಎಂದರೆ ಯಾವ ಉಪನಾಲೆಗೆ ಯಾವತ್ತಿನಿಂದ ಯಾವತ್ತಿನವರೆಗೆ ನೀರು, ಆಮೇಲೆ ಎಷ್ಟು ದಿನ ಬಂದ್ ಎಂಬುದನ್ನು ಟೈಪ್ ಮಾಡಿ ನೋಟೀಸು ಅಂಟಿಸಲು ಕೊಡುವುದು. ಇದಕ್ಕೆ ಕಟ್ಟು ನೀರು ಅನ್ನುತ್ತಾರೆ. ಬಿಡುವುದು, ಕಟ್ಟುವುದು, ಮತ್ತೆ ಬಿಡುವುದು. ನೋಟೀಸಿನಲ್ಲಿ ಎಲ್ಲರಿಗೂ ನೀರು ಬರುತ್ತದೆ. ಫೋನಿನಲ್ಲಿ ಯಾರಿಗೂ ಬಂದಿರುವುದಿಲ್ಲ. 'ತೂಬು ಬಾಯಿ ಬುಟ್ಕಂಡ್ ಕೂತದೆ ಮೇಡಮ್ಮೋರೆ, ನೀವೇ ಬಂದ್ ನೋಡಿ' ಎಂದು ಒಬ್ಬ ರೇಗಿದ. ಕೊನೆ ಭಾಗಕ್ಕೆ ತಲುಪಲು ಸಮಯ ಬೇಕು ಎಂದೆ. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಕೊನೆ ಭಾಗ ಎಂದರೆ ಮದ್ದೂರು, ಮಳವಳ್ಳಿ.

ಮರದ ಕೆಳಗಿನ ಸುತ್ತಿನ ಕೊಂಬೆಗಳ ತುದಿ ಕಂದಾಗಿದೆ. ವಾರಕ್ಕೊಮ್ಮೆ ಸಾಲದು ಅನ್ನಿಸುತ್ತದೆ. ಮರಕ್ಕೂ ಒಂದು ಕಟ್ಟು ಗೊತ್ತುಮಾಡಿದೆ. ನಾಲ್ಕು ದಿನ ದಿನವೂ ನೀರು, ಮೂರು ದಿನ ಬಂದ್. ಭಾನುವಾರ ನೀರಿನ ದಿನಗಳಲ್ಲಿ ಸೇರುವ ಹಾಗೆ ನೋಡಿಕೊಂಡೆ. ಕ್ರಮ ಎಂದು ಒಂದಿದ್ದರೆ ಯಾವುದೂ ಸಾಯುವುದಿಲ್ಲ.

ಜುಲೈ 28, ಭಾನುವಾರ

ಅಕ್ಕ ಫೋನ್ ಮಾಡಿದ್ದಳು.

'ಮರ ಯಂಗದೆ?'

'ಚೆನ್ನಾಗಿದೆ.'

'ನೀನು?'

'ನನಗೇನು.'

'ಇವತ್ತು ಭಾನುವಾರ, ಮಾಡ್ದಾ?'

'ಮಾಡಿದೆ' ಎಂದೆ. ಏನು ಎಂದು ಕೇಳಬಹುದಿತ್ತು. ಕೇಳಿದರೆ ಅವತ್ತು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿದಂತೆ. ಹಿಂದೆ ಕುಕ್ಕರ್ ಕೂಗಿತು. ಯಾರೋ 'ಇಳ್ಸಾ?' ಎಂದರು. ಅವಳು ಫೋನಿನಿಂದ ಬಾಯಿ ಸರಿಸಿ 'ಇನ್ನೊಂದ್ ಕೂಗ್ಲಿ ಬುಡಿ' ಎಂದಳು. ಅವಳು ನನ್ನ ಜೊತೆ ಬುಡಿ ಅನ್ನುತ್ತಿರಲಿಲ್ಲ, ಬಿಡು ಅನ್ನುತ್ತಿದ್ದಳು.

ಆಗಸ್ಟ್ 11, ಭಾನುವಾರ

ಎದ್ದಾಗ ಒಂಬತ್ತಾಗಿತ್ತು. ಭಾನುವಾರ ನಾನು ಮೊದಲಿನಿಂದಲೂ ಹೊತ್ತೇರಿಯೇ ಏಳುವುದು. ಹಾಲ್‌ಗೆ ಬಂದರೆ ಕೆಳಗಿನ ಸುತ್ತಿನ ಒಂದು ಕೊಂಬೆ ನೆಲದ ಮೇಲೆ ಬಿದ್ದಿತ್ತು. ಮುರಿದು ಬಿದ್ದದ್ದಲ್ಲ. ಬಿಟ್ಟುಕೊಟ್ಟ ಹಾಗಿತ್ತು. ಎತ್ತಿಕೊಂಡರೆ ಹಗುರ, ಹಳದಿ, ಮಕ್ಕಳ ಜಡೆಯಂತೆ ಮೆತ್ತಗೆ. ಎಸೆಯಲು ಮನಸ್ಸಾಗದೆ ಫ್ರಿಜ್ಜಿನ ಮೇಲಿಟ್ಟೆ.

ಮೊಬೈಲಿನಲ್ಲಿ ಹುಡುಕಿ ಓದಿದೆ. ಈ ಜಾತಿಯ ಮರಕ್ಕೆ ಕೆಳಗಿನ ಕೊಂಬೆ ಹೋದರೆ ಆ ಜಾಗದಲ್ಲಿ ಮತ್ತೆ ಬರುವುದಿಲ್ಲವಂತೆ. ಮೇಲೆ ಮಾತ್ರ ಬೆಳೆಯುತ್ತದೆ. ಕೆಳಗೆ ಕಳೆದುಕೊಂಡದ್ದು ಕಾಣುತ್ತಲೇ ಇರುತ್ತದೆ.

ದೀಪಾವಳಿಗೆ ಬಂದು ನೋಡುತ್ತಾಳೆ. ನಾನು ಏನೂ ಹೇಳಬೇಕಾಗುವುದಿಲ್ಲ, ಅದೇ ಹೇಳುತ್ತದೆ.

ಬಂದ್ ದಿನಗಳನ್ನು ಎರಡಕ್ಕೆ ಇಳಿಸಿದೆ.

ಆಗಸ್ಟ್ 23, ಶುಕ್ರವಾರ

ಒಬ್ಬರಿಗೆ ಅಡುಗೆ ಮಾಡುವುದು ಲೆಕ್ಕಕ್ಕೆ ಸಿಗುವುದಿಲ್ಲ. ಅನ್ನವಾದರೂ ಆಗುತ್ತದೆ. ಮುದ್ದೆ ಆಗುವುದಿಲ್ಲ. ಒಂದೇ ಮುದ್ದೆಗೆ ಎಸರಿಟ್ಟರೆ ಕೋಲು ತಿರುಗಿಸುವಷ್ಟರಲ್ಲಿ ತಳ ಹಿಡಿಯುತ್ತದೆ. ಎರಡು ಮಾಡಿ ಒಂದನ್ನು ಮುಚ್ಚಿಟ್ಟರೆ ಬೆಳಿಗ್ಗೆ ಅದು ಕಲ್ಲು. ಅಕ್ಕ ತಿರುಗಿಸುತ್ತಿದ್ದಳು, ನಾನು ಪಾತ್ರೆ ಹಿಡಿದುಕೊಳ್ಳುತ್ತಿದ್ದೆ. ಹಾಗೆ ನೋಡಿದರೆ ಮುದ್ದೆ ಇಬ್ಬರು ಮಾಡುವ ಕೆಲಸ. ಒಂದು ವಾರದಿಂದ ಬ್ರೆಡ್ಡು, ಬಾಳೆಹಣ್ಣು. ಸಾಕಾಗುತ್ತದೆ.

ಸಂಜೆ ಕರೆಂಟು ಹೋಗಿತ್ತು. ಹಾಲ್‌ನಲ್ಲಿ ಕೂತಿದ್ದೆ. ಬೀದಿಯಲ್ಲಿ ಹೋಗುವ ಬೈಕುಗಳ ಬೆಳಕು ಕಿಟಕಿಯಿಂದ ಬಂದು ಮರದ ನೆರಳನ್ನು ಗೋಡೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತಿತ್ತು. ಅದು ನಡೆಯುತ್ತಿದೆ ಅನ್ನಿಸುತ್ತಿತ್ತು. ಪ್ರತಿ ಸಲವೂ ಅಕ್ಕನ ರೂಮಿನ ಬಾಗಿಲ ಹತ್ತಿರ ಹೋಗಿ ಮಾಯವಾಗುತ್ತಿತ್ತು. ಅಲ್ಲಿ ಗೋಡೆ ಮುಗಿಯುತ್ತದೆ, ಅಷ್ಟೇ.

ಕರೆಂಟು ಬಂತು. ಮೂರು ಕೊಂಬೆ ಹೋಗಿವೆ.

ಸೆಪ್ಟೆಂಬರ್ 10, ಮಂಗಳವಾರ

ಆಫೀಸಿನಿಂದ ಬಂದರೆ ಮೆಟ್ಟಿಲ ಮೇಲೆ ಮರಿಸಿದ್ದಯ್ಯ ಕೂತಿದ್ದ, ಪಕ್ಕದಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್. ಅಂಕಮ್ಮ ಕೆಳಗಿನ ಬಾಗಿಲಿನಿಂದ ನೋಡುತ್ತಿದ್ದರು.

'ಮೆಟ್ಲಲ್ಲೇ ಮಾತಾಡ್ಸಿ ಕಳುಸ್ಬುಡ್ತೀಯಾ, ಒಳೀಕ್ ಕರ್ದೀಯಾ?' ಎಂದ.

ಕರೆದೆ.

'ಟಿಲ್ಲರ್ ಸಾಮಾನಿಗೆ ಬಂದಿದ್ದೆ ಕಣಮ್ಮ. ನಿಮ್ಮಕ್ಕ ಅಂಗೇ ಓಗಿ ಮರ ಯಂಗದೆ ನೋಡ್ಕ ಬಾ ಅಂದ್ಲು.'

ನಾನು ಮರದ ಮುಂದೆ ಅಡ್ಡ ನಿಂತಿದ್ದೆ. ನನ್ನ ಹಿಂದೆ ಅದು ಎಷ್ಟು ಕಾಣುತ್ತದೆ ಎಂದು ಯೋಚಿಸುತ್ತಿದ್ದೆ. ಅವನು ಆ ಕಡೆ ನೋಡಲೇ ಇಲ್ಲ. ಕ್ಯಾರಿಯರ್ ಇಡಲು ನೇರ ಅಡುಗೆಮನೆಗೆ ಹೋದ. ಹೋದವನು ಅಲ್ಲಿಯೇ ನಿಂತ. ಬ್ರೆಡ್ಡಿನ ಪ್ಯಾಕೆಟ್ ನೋಡಿದ. ರಾಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ. ಬಸ್ಸಿನ ಬಾನೆಟ್ ಬಿಸಿಯಿದೆಯೇ ನೋಡುವವರ ಹಾಗೆ ಸ್ಟೌ ಮೇಲೆ ಅಂಗೈಯಿಟ್ಟ.

'ಗ್ಯಾಸ್ ಖಾಲಿಯಾ?'

'ಇದೆ.'

'ಅಂಗಾ' ಎಂದ.

ಮರ ನೋಡಲು ಬಂದವರು ಅಡುಗೆಮನೆ ನೋಡುವುದು ವಿಚಿತ್ರ. ಡ್ರೈವರ್ ಕೆಲಸ ಮಾಡಿದವರಿಗೆ ಎಲ್ಲವನ್ನೂ ಮುಟ್ಟಿ ನೋಡುವ ಅಭ್ಯಾಸವಿರಬಹುದು.

ಕುರ್ಚಿಯಲ್ಲಿ ಕೂತು ನೀರು ಕೇಳಿ ಕುಡಿದ. 'ನಿಮ್ಮಾಪೀಸ್ನೋರು ನೀರ್ ಬುಟ್ಟವ್ರೆ ಬುಟ್ಟವ್ರೆ ಅಂತ ಪೇಪರ್ನಲ್ಲಿ ಓದಿದ್ದೇ ಆಯ್ತು ಕಣಮ್ಮ. ಅದು ನಮ್ ಗದ್ದೆಗೆ ಬರೋಷ್ಟ್ರಲ್ಲಿ ಆ ಪೇಪರ್ನಲ್ಲಿ ಬೋಂಡ ಕಟ್ಟಿರ್ತಾರೆ.'

'ಕಟ್ಟು ಮುಗಿಯೋದರೊಳಗೆ ಕೊನೆ ಭಾಗಕ್ಕೆ ತಲುಪುತ್ತೆ' ಎಂದೆ.

'ತಲುಪ್ತದೆ, ತಲುಪ್ತದೆ. ನಿಮ್ಮಕ್ಕನೂ ನಿನ್ ಇಸ್ಯದಲ್ಲಿ ಅಂಗೇ ಅಂತಾಳೆ.'

ಆಮೇಲೆ ಅವನು ಮೊದಲ ಸಲ ಮರದ ಕಡೆ ತಿರುಗಿದ. ಕೆಳಗಿನ ಎರಡು ಸುತ್ತು ಪೂರ್ತಿ ಹೋಗಿ ಕಾಂಡ ಬರಿದಾಗಿತ್ತು. ಮೂರನೆಯದು ಹಳದಿ.

'ಅಕ್ಕನಿಗೆ ಹೇಳಬೇಡಿ' ಎಂದೆ.

'ನಾನ್ಯಾಕ್ ಯೇಳಾನ. ಮರ ಅದಾ ಅಂದ್ರೆ ಅದೆ ಅಂತೀನಿ. ಅದೆ ತಾನೆ?'

'ಇದೆ.'

'ಇನ್ನೇನ್ ಮತ್ತೆ.' ಎದ್ದ. ಚಪ್ಪಲಿ ಹಾಕಿಕೊಳ್ಳುತ್ತ ಬಗ್ಗಿಕೊಂಡೇ ಹೇಳಿದ. 'ಕ್ಯಾರಿಯರ್ನ ಯಾರ್ ಕೈಲೂ ಕಳುಸ್ಬ್ಯಾಡ. ನೀನೇ ತಕ್ಕಂಡ್ ಬಾ. ಅವತ್ತಿಂದು ಒಂದೂಟ ನಮ್ಮನೇಲಿ ನಿಂದು ಅಂಗೇ ಅದೆ. ನಿನ್ ಎಲೆ ಯಾರೂ ಎತ್ನಿಲ್ಲ ಕಣಮ್ಮ. ಎಲ್ಲಾ ಉಂಡು ಎದ್ಮೇಲೂ ನಿಮ್ಮಕ್ಕ ಅದ್ರ ಮುಂದೆ ಕೂತಿದ್ಲು.'

ಅವನು ಹೋದ ಮೇಲೆ ಕ್ಯಾರಿಯರ್ ಬಿಚ್ಚಿದೆ. ಒಂದರಲ್ಲಿ ಮುದ್ದೆ, ಒಂದರಲ್ಲಿ ನಾಟಿ ಕೋಳಿ ಸಾರು, ಒಂದರಲ್ಲಿ ಅನ್ನ. ಕೊನೆಯದರಲ್ಲಿ ಒಂದು ಈರುಳ್ಳಿ, ಅರ್ಧ ನಿಂಬೆಹಣ್ಣು. ನಾನು ಈರುಳ್ಳಿ ಕಚ್ಚಿಕೊಳ್ಳದೆ ಉಣ್ಣುವುದಿಲ್ಲ. ಹಸಿವಿರಲಿಲ್ಲ. ನಿಂತುಕೊಂಡೇ ಸ್ವಲ್ಪ ರುಚಿ ನೋಡಿದೆ. ನಾಲ್ಕು ಡಬ್ಬಿಯನ್ನೂ ತೊಳೆದು ಬೋರಲು ಹಾಕಿದ್ದೇನೆ.

ಸೆಪ್ಟೆಂಬರ್ 20, ಶುಕ್ರವಾರ

ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲು ತೆಗೆದಿತ್ತು. ಹಾಲ್‌ನಲ್ಲಿ ಅಂಕಮ್ಮ ಮರದ ಬುಡಕ್ಕೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ಸಣ್ಣಗೆ, ಮಗುವಿಗೆ ಎರೆಯುವ ಹಾಗೆ, ಇನ್ನೊಂದು ಕೈಯನ್ನು ಅಡ್ಡ ಹಿಡಿದು.

'ವಾಲು ತಿರುಗ್ಸಾಕ್ ಬಂದೆ ಕಣವ್ವ. ಬಂದೋಳು ಅಂಗೇ ಒಂದ್ ಚೊಂಬು ಉಯ್ದೆ.'

'ದಿನಾ ಹಾಕ್ತೀರಾ?'

'ವಾಲ್ಗೆ ಬಂದಾಗೆಲ್ಲ ಉಯ್ತೀನಿ. ನಾನು ಯಲಿಯೂರೋಳು, ನಾಲೆ ಮಗ್ಗುಲಲ್ಲಿ ಉಟ್ಟೋಳು. ಒಣಗಿದ ಮಣ್ಣು ಕಂಡ್ರೆ ಕೈ ಸುಮ್ಕಿರಾಕಿಲ್ಲ. ನಿನಗೆಲ್ಲಿ ಆಪೀಸ್ ಗದ್ದಲದಲ್ಲಿ ಗ್ಯಾನ ಇರ್ತದೆ ಅಂತ.'

ವಾಲ್ವ್‌ಗೆ ದಿನಾ ಬರುತ್ತಾರೆ. ನನ್ನ ಕಟ್ಟು, ಅದರ ಮೇಲೆ ಇವರ ಚೊಂಬು. ಈ ಮರಕ್ಕೆ ಮೂರು ತಿಂಗಳಿನಿಂದ ಬಂದ್ ದಿನ ಎಂಬುದೇ ಇರಲಿಲ್ಲ. ಅಕ್ಕ ಇದ್ದಾಗಲೂ ಹಾಕುತ್ತಿದ್ದರೇ ಎಂದು ಕೇಳಿದೆ.

'ಉಯ್ತಿದ್ದೆ. ಒಂದಿನ ಬ್ಯಾಡ ಅನ್ನಿಲ್ಲ ಮಾರಾಯ್ತಿ. ಉಯ್ಯಿ ಅಂಕಮ್ಮಾರೆ, ನಿಮ್ ಕೈ ತಣ್ಣಗದೆ ಅಂತಿದ್ರು. ಒಳ್ಳೇ ಜೀವ. ಭಾನುವಾರ ಬೆಳಕರಿಯಕ್ ಮುಂಚೆ ಎದ್ದು ಮನೆ ತೊಳೆಯೋರು. ನಮ್ ಮೋರಿಗೆ ದಡದಡಾಂತ ನೀರು ಬೀಳೋದು. ನೀನು ಆಗ ಮಲಗಿರ್ತಿದ್ದೆ ಬುಡು.'

ಭಾನುವಾರ ನಮ್ಮ ಮನೆಯನ್ನು ಯಾರೂ ಯಾವತ್ತೂ ತೊಳೆದಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಬೆಳಗಾಗುವ ಮೊದಲೇ ಎಚ್ಚರವಾಗಿತ್ತು. ಪ್ಲಾಸ್ಟಿಕ್ ಕುಂಡವನ್ನು ಜಾಡಿಯಿಂದ ಮೇಲೆತ್ತಲು ನೋಡಿದೆ. ಜಾಡಿ ಹೀರಿ ಹಿಡಿದುಕೊಂಡಿತ್ತು, ಬರಲಿಲ್ಲ. ಒಂದು ಕಾಲನ್ನು ಜಾಡಿಗೆ ಒತ್ತಿ, ಕಾಂಡವನ್ನು ತಬ್ಬಿಕೊಂಡು ಎಳೆದಾಗ ದೊಡ್ಡ ಸದ್ದು ಮಾಡಿ ಬಿಟ್ಟುಕೊಂಡಿತು. ಒಳಗೆ ಕಪ್ಪು ನೀರು, ಜಾಡಿಯ ಕುತ್ತಿಗೆಯವರೆಗೆ. ಕುಯ್ಲಿನ ಮೇಲೆ ನೀರು ನಿಂತ ಗದ್ದೆಯ ವಾಸನೆ. ಬೇರುಗಳು ತೂತುಗಳಿಂದ ಹೊರಬಂದು ಜೋಲುತ್ತಿದ್ದವು. ಮುಟ್ಟಿದರೆ ಕೆಲವು ಕೈಗೇ ಬಂದವು.

ಜಾಡಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಮೋರಿಯ ಕಡೆ ಬಗ್ಗಿಸಿದೆ. ದಡದಡ ಎಂದಿತು. ಕೆಳಗಿನಿಂದ ಅಂಕಮ್ಮನ ಕೆಮ್ಮು ಕೇಳಿತು.

ಭಾನುವಾರದ ಕೆಲಸ ಇದು. ಹಾಕುವುದಲ್ಲ. ವಾರವೆಲ್ಲ ಅಂಕಮ್ಮ ಹಾಕಿದ್ದನ್ನು ಅಕ್ಕ ಒಬ್ಬಳೇ ಎದ್ದು ಚೆಲ್ಲುತ್ತಿದ್ದಳು. ನನ್ನ ನಿದ್ದೆ ಕೆಡದ ಹಾಗೆ, ಅವರಿಗೆ ಗೊತ್ತಾಗದ ಹಾಗೆ. ಹಾಕಬೇಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಏಕೆ ಹೇಳಲಿಲ್ಲ ಎಂದು ಯೋಚಿಸುತ್ತ ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಮುಟ್ಟದ ಆ ಹೆಂಗಸು, ನಮ್ಮ ಚೊಂಬನ್ನು ಹಿಡಿದು, ನಮ್ಮ ನಲ್ಲಿಯಿಂದ ತುಂಬಿಸಿಕೊಂಡು, ನಮ್ಮ ಮರಕ್ಕೆ ನೀರು ಕೊಡುತ್ತಿದ್ದರು. ಬೇರೆ ಯಾವ ದಾರಿಯೂ ಅವರಿಗೆ ಹೊಳೆದಿರಲಿಲ್ಲವೋ ಏನೋ. ಅದನ್ನು ಬೇಡ ಎನ್ನುವುದಾದರೂ ಹೇಗೆ. ನಾನಾಗಿದ್ದರೆ ಬೇಡ ಎನ್ನುತ್ತಿದ್ದೆ.

ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಬಸಿಯಲು ಇಟ್ಟಿದ್ದೇನೆ. ಫ್ರಿಜ್ಜಿನ ಮೇಲಿನ ಕೊಂಬೆ ಒಣಗಿ ಕಡ್ಡಿಯಾಗಿದೆ.

ಸೆಪ್ಟೆಂಬರ್ 23, ಸೋಮವಾರ

ಬಸಿಯುತ್ತಿದೆ.

ಅಕ್ಟೋಬರ್ 13, ಭಾನುವಾರ

ಬೇಗ ಎದ್ದೆ. ಜಾಡಿ ಬಗ್ಗಿಸಿದೆ. ಈ ಸಲ ಅರ್ಧದಷ್ಟೂ ಇರಲಿಲ್ಲ. ನಾನು ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಅಂಕಮ್ಮ ಹಾಕುವುದೇ ಸಾಕು.

ಮೂರನೆಯ ಸುತ್ತೂ ಹೋಯಿತು. ಅದರ ಮೇಲಿನದು ಹಸಿರಾಗಿಯೇ ಇದೆ. ಮೊದಲು ಲಂಗ ತೊಟ್ಟ ಹಾಗಿತ್ತು. ಈಗ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದವರ ಹಾಗೆ ಕಾಣುತ್ತದೆ. ನೋಡಿ ನಗು ಬಂತು. ಅವ್ವ ನಾಟಿಗೆ ಹೋಗುವಾಗ ಹಾಗೆ ಕಟ್ಟುತ್ತಿದ್ದಳು. ಬೆಸಗರಹಳ್ಳಿಯ ಬಸ್ಸಿನಲ್ಲಿ ಹಾಗೇ ಕೂತು ಮನೆಗೆ ಬರುತ್ತಿದ್ದಳು, ಕೆಸರಿನ ಕಾಲಲ್ಲಿ. ಅಕ್ಕ, ನಿನಗೆ ನಾಚಿಕೆ, ನೀನು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ನಾನು ಅವ್ವನ ತೊಡೆಯ ಮೇಲೆಯೇ ನಿದ್ದೆ ಮಾಡುತ್ತಿದ್ದೆ. ನನಗೆ ಆಗ ಯಾವುದೂ ಗೊತ್ತಾಗುತ್ತಿರಲಿಲ್ಲ ಎಂದು ನೀನು ಅನ್ನುತ್ತಿದ್ದೆ.

ಅಂಗಡಿಯಿಂದ ಅವರೆಕಾಯಿ ತಂದೆ, ಈ ವರ್ಷದ ಮೊದಲನೆಯದು. ಎರಡು ಮುದ್ದೆಗೆ ಎಸರಿಟ್ಟು ಎರಡನ್ನೂ ತಿಂದೆ.

ನವೆಂಬರ್ 3, ಭಾನುವಾರ

ದೀಪಾವಳಿ ಮುಗಿಯಿತು. ಮೂರು ದಿನವೂ ಹಾಲ್ ಗುಡಿಸಿ, ಮರವನ್ನು ಒಳ್ಳೆಯ ಭಾಗ ಬಾಗಿಲಿಗೆ ಕಾಣುವಂತೆ ತಿರುಗಿಸಿಟ್ಟಿದ್ದೆ. ಒಳ್ಳೆಯ ಭಾಗ ಎಂದು ಅದಕ್ಕೆ ಈಗ ಉಳಿದಿಲ್ಲ, ಆದರೂ. ಗೇಟಿನ ಸದ್ದಾದಾಗೆಲ್ಲ ಬಾಲ್ಕನಿಗೆ ಹೋದೆ. ಬಾಲ್ಕನಿಯಲ್ಲಿ ಬೇರೆ ಕೆಲಸವೂ ಇತ್ತು.

ಇವತ್ತು ಫೋನ್ ಬಂತು. ಮಹಡಿ ರೂಮಿಗೆ ಇನ್ನೂ ಕಿಟಕಿಯೇ ಇಟ್ಟಿಲ್ಲವಂತೆ, ಗಾರೆಯವರು ಕೈಕೊಟ್ಟರಂತೆ. ಮಾತು ಮುಗಿಸುವುದರಲ್ಲಿದ್ದಳು. ನಾನೇ ಹೇಳಿದೆ.

'ಅಕ್ಕ, ಕೆಳಗಿನ ಮೂರು ಸುತ್ತು ಹೋಗಿದೆ.'

'ಗೊತ್ತು ಬುಡು.'

'ಭಾವ ಹೇಳಿದರಾ?'

'ಯಾರ್ ಹೇಳಿದ್ರು ಅಂದೆ?'

'ಭಾವ.'

'ಇಲ್ಲ ಕಣೇ. ಅವ್ರುನ್ನ ಕೇಳುದ್ರೆ, ಅದೆ, ಅದೆ, ಅಂತಾರೆ ಅಷ್ಟೇ. ನೀನು ಚೆನ್ನಾಗಿದೆ ಅಂದ್ಯಲ್ಲ, ಅವತ್ತೇ ಗೊತ್ತಾಯ್ತು. ನೀನು ಯಾವತ್ತು ಯಾವ್ದುನ್ನ ಚೆನ್ನಾಗಿದೆ ಅಂದಿದ್ದೀಯಾ, ಮಂಜಿ?'

ನಾನು ನಗಲಿಲ್ಲ. ಅವಳೂ ನಗಲಿಲ್ಲ ಅನ್ನಿಸುತ್ತದೆ, ಫೋನಿನಲ್ಲಿ ಹೇಳುವುದು ಕಷ್ಟ.

'ಭಾನುವಾರ ಏನು ಮಾಡಬೇಕು ಅಂದಿದ್ದೆ ಅಂತ ನನಗೆ ಕೇಳಿಸಿರಲಿಲ್ಲ' ಎಂದೆ.

'ನೀನು ನಲ್ಲಿ ಬುಟ್ಟಿದ್ದೆ' ಎಂದಳು. ಆಮೇಲೆ, 'ಯಾವಾಗ್ ಬತ್ತೀಯ?'

ಕಟ್ಟು ಮುಗಿಯುವವರೆಗೆ ಆಫೀಸಿನಲ್ಲಿ ಕೆಲಸವಿದೆ ಎಂದೆ. ಭಾನುವಾರ ಆಫೀಸಿರುವುದಿಲ್ಲ. ಅದು ಅವಳಿಗೂ ಗೊತ್ತು.

ನವೆಂಬರ್ 30, ಶನಿವಾರ

ತುದಿಯಲ್ಲಿ ಹೊಸ ಸುತ್ತು ಬಂದಿದೆ. ಐದು ಕೊಂಬೆ, ಬೆರಳಿನಷ್ಟು, ಎಳೆ ಅವರೆಯ ಬಣ್ಣ. ಕೆಳಗೆ ಬರಿಯ ಕಾಂಡ ಹಾಗೆಯೇ ಇದೆ, ಹಾಗೆಯೇ ಇರುತ್ತದೆ. ನೀನು ಬಂದರೆ ಮೊದಲು ಯಾವುದನ್ನು ನೋಡುತ್ತೀಯೋ ಗೊತ್ತಿಲ್ಲ.

ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದು ಅಡುಗೆಮನೆಯಲ್ಲಿದ್ದಾಗ ಅಂಕಮ್ಮ ಬಂದರು. ಚೊಂಬು ತುಂಬಿಸಿಕೊಂಡರು. ನಾನು ನೋಡಿಯೂ ಹೊರಗೆ ಬರಲಿಲ್ಲ. 'ಕುಡಿ ಕುಡಿ, ಚಿಗುರ್ಬುಟ್ಟಿದ್ದೀಯ' ಎಂದು ಅದಕ್ಕೆ ಹೇಳುತ್ತಿದ್ದರು. ಹೋಗುವಾಗ, 'ನೋಡ್ದಾ ಮಂಜವ್ವ, ಎಲ್ಲಾ ನನ್ ಕೈಗುಣ' ಎಂದರು. ನಿಮ್ಮ ಕೈ ತಣ್ಣಗಿದೆ ಅಂಕಮ್ಮಾರೆ ಎಂದೆ. ಬಾಯಿಂದ ಬಂದುಬಿಟ್ಟಿತು. ಕಾಫಿಗೆ ನೀರಿಟ್ಟಿದ್ದೆ, ಕೇಳಿದೆ. ಈಗಷ್ಟೇ ಕುಡಿದಿದ್ದರು.

ನಾಳೆ ಬೆಳಿಗ್ಗೆ ಎದ್ದು ಜಾಡಿ ಬಗ್ಗಿಸಬೇಕು. ಅವರಿಗೆ ಹೇಳುವುದಿಲ್ಲ. ಹೇಳದೆ ಇರುವುದೂ ಒಂದು ಕೆಲಸ, ಅದನ್ನು ನೀನು ಇಷ್ಟು ವರ್ಷ ಹೇಗೆ ಮಾಡಿದೆ ಎಂದು ಯೋಚಿಸುತ್ತೇನೆ. ಅದು ಬರೀ ಅಂಕಮ್ಮನ ಮಟ್ಟಿಗೇ ಇತ್ತೋ ಇಲ್ಲವೋ ಎಂದು ಯೋಚಿಸಿ ಅರ್ಧಕ್ಕೆ ನಿಲ್ಲಿಸುತ್ತೇನೆ.

ಕಟ್ಟು ಇವತ್ತಿಗೆ ಮುಗಿಯಿತು. ಸಂಜೆ ಕೊನೆಯ ನೋಟೀಸು ಟೈಪ್ ಮಾಡಿದೆ. ಈ ಸಲ ಕೊನೆ ಭಾಗಕ್ಕೂ ನೀರು ತಲುಪಿತು ಎಂದು ಶಿವರಾಮು ಹೇಳಿದರು. ಭಾವನ ಗದ್ದೆಗೆ ಬಂತೋ ಇಲ್ಲವೋ ಕೇಳಬೇಕು.

ಕ್ಯಾರಿಯರ್‌ನ ನಾಲ್ಕು ಡಬ್ಬಿ ಒರೆಸಿ ಜೋಡಿಸಿ ಬ್ಯಾಗಿನಲ್ಲಿಟ್ಟಿದ್ದೇನೆ. ಖಾಲಿ ಕಳಿಸಬಾರದೆಂದು ಒಂದರಲ್ಲಿ ಹಿತಕಿದ ಅವರೆಬೇಳೆ ಹಾಕಿದ್ದೇನೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿಂದ ಬೇಕಾದಷ್ಟು ಬಸ್ಸಿದೆ, ಅದು ನೆನಪಿದೆ. ಬೇಗ ಬಂದು ಅಡುಗೆಗೆ ಮೊದಲೇ ಕೂರುವುದು ಸರಿಯಲ್ಲ, ಎಲ್ಲರೂ ಉಂಡ ಮೇಲೆ ಬರುವುದೂ ಸರಿಯಲ್ಲ. ಫೋನ್ ಮಾಡಿ ಕೇಳಿದರೆ ನೀನು ಬೆಳಗಿನಿಂದಲೇ ಬಾಗಿಲಲ್ಲಿ ನಿಲ್ಲುತ್ತೀಯ.

ಅಕ್ಕ, ಭಾನುವಾರ ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಎಲೆ ಹಾಕುತ್ತೀರಿ?